ವಿಮಾನಯಾನ ಮತ್ತು ಔಷಧಿ: ಕೈಚೀಲಕ್ಕೋ, ಸೂಟ್‌ಕೇಸಿಗೋ? ಮಲೆನಾಡಿನ ಪ್ರಯಾಣಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಬಳಿಯ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ 2023ರಲ್ಲಿ ವಿಮಾನ ಹಾರಲು ಶುರುವಾದ ಮೇಲೆ ನಮ್ಮ ಔಷಧಿ ಅಂಗಡಿಯ ಕೌಂಟರಿನಲ್ಲಿ ಹೊಸ ಬಗೆಯ ಪ್ರಶ್ನೆಗಳು ಬರುತ್ತಿವೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರು, ಮಗನ ಮನೆಗೆಂದು ದುಬೈಗೆ ಹೊರಟ ಅಪ್ಪಂದಿರು, ಉಮ್ರಾಕ್ಕೆ ಹೊರಟವರು, ಕಾಶಿಗೆ ಹೊರಟವರು, ಎಲ್ಲರ ಕೈಯಲ್ಲೂ ಒಂದು ಚೀಟಿ, ಒಂದು ಗೊಂದಲ. ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ. ದಿನವೂ ಬೇಕಾದ ಔಷಧಿ ನಿಮ್ಮ ಕೈಬಿಟ್ಟು ಹೋಗಬಾರದು ಎನ್ನುವುದೊಂದೇ ಇದರ ತಿರುಳು. ಮಾತ್ರೆಯ ಪ್ರಮಾಣ, ಹೊತ್ತು ಬದಲಿಸುವ ವಿಚಾರವನ್ನು ಮಾತ್ರ ನಿಮ್ಮ ಡಾಕ್ಟರ ಹತ್ತಿರವೇ ಕೇಳಿ.

ಒಂದೇ ಮಾತಿನಲ್ಲಿ ಹೇಳಿ, ಮಾತ್ರೆ ಯಾವ ಬ್ಯಾಗಿಗೆ?

ನಿಮ್ಮ ಜೊತೆ ಒಳಗೆ ಬರುವ ಬ್ಯಾಗಿಗೆ. ಶುಗರ್, ಬಿಪಿ, ಥೈರಾಯ್ಡ್, ಹೃದಯ, ಫಿಟ್ಸ್, ಉಬ್ಬಸ, ಯಾವುದರ ಔಷಧಿಯೇ ಇರಲಿ, ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ. ಸೂಟ್‌ಕೇಸ್ ಕಳೆದೇ ಹೋಗಬೇಕೆಂದಿಲ್ಲ, ನಿಮ್ಮ ವಿಮಾನ ತಪ್ಪಿಸಿಕೊಂಡು ಮರುದಿನದ ವಿಮಾನದಲ್ಲಿ ಬಂದರೂ ಸಾಕು, ಆ ರಾತ್ರಿಯ ಫಿಟ್ಸ್ ಮಾತ್ರೆಗೆ ಪರದಾಡಬೇಕಾಗುತ್ತದೆ. ಫಿಟ್ಸ್ ಮಾತ್ರೆ ಒಂದು ಹೊತ್ತು ತಪ್ಪಿದರೂ ಕೆಲವರಿಗೆ ಅಪಾಯ. ಪರದೇಶದಲ್ಲಿ ಚೀಟಿಯಿಲ್ಲದೆ ಮೆಡಿಕಲ್‌ಗೆ ಹೋಗಿ ಬಿಪಿ ಮಾತ್ರೆ ಕೊಡಿ ಎಂದರೆ ಕೊಡುವವರಿಲ್ಲ. ಅಲ್ಲಿ ಮೊದಲು ಡಾಕ್ಟರ ಭೇಟಿ, ಅದರ ಶುಲ್ಕ, ಆಮೇಲೆ ಮಾತ್ರೆ.

ಸೋಗಾನೆಯಿಂದ ಹೊರಡುವುದು ಸಣ್ಣ ವಿಮಾನ. ಕೈಚೀಲವನ್ನೂ ಇಸಿದುಕೊಳ್ಳುತ್ತಾರಂತೆ?

ಇಸಿದುಕೊಳ್ಳಬಹುದು. ಶಿವಮೊಗ್ಗ–ಬೆಂಗಳೂರು ದಾರಿಯಲ್ಲಿ ಓಡಾಡುವ ಎಟಿಆರ್ ವಿಮಾನದಲ್ಲಿ ಸೀಟಿನ ಮೇಲಿನ ಗೂಡು ಚಿಕ್ಕದು. ಗಾಲಿ ಇರುವ ಗಟ್ಟಿ ಟ್ರಾಲಿ ಬ್ಯಾಗ್ ಅದರಲ್ಲಿ ಕೂರದಿದ್ದರೆ ವಿಮಾನದ ಬಾಗಿಲ ಬಳಿಯೇ ಚೀಟಿ ಕಟ್ಟಿ ಕೆಳಗಿನ ಸಾಮಾನು ಕೋಣೆಗೆ ಹಾಕುತ್ತಾರೆ. ದೊಡ್ಡ ವಿಮಾನ ತುಂಬಿದಾಗಲೂ ಹೀಗೆ ಆಗುವುದುಂಟು. ಹಿಂದೆ ಸಾಲು ನಿಂತಿರುತ್ತದೆ, ಸಿಬ್ಬಂದಿ ಅವಸರ ಮಾಡುತ್ತಾರೆ, ಮೊದಲ ಸಲ ಹತ್ತುವವರಿಗೆ ಒಳಗೆ ಔಷಧಿ ಇದೆಯೆಂಬುದು ನೆನಪಾಗುವಷ್ಟರಲ್ಲಿ ಬ್ಯಾಗ್ ಹೋಗಿರುತ್ತದೆ.

ಅದಕ್ಕೇ ನಾನು ಬ್ಯಾಗಿನೊಳಗೆ ಇನ್ನೊಂದು ಬ್ಯಾಗ್ ಇರಲಿ ಎನ್ನುವುದು. ಔಷಧಿಗಳೆಲ್ಲ, ಚೀಟಿಯ ಪ್ರತಿಯೂ ಸೇರಿ, ಒಂದು ಜಿಪ್ ಪೌಚಿನಲ್ಲಿರಲಿ. ಟ್ರಾಲಿ ಕೇಳಿದರೆ ಪೌಚ್ ಹೊರಗೆಳೆದು ಹೆಗಲ ಚೀಲಕ್ಕೆ ಹಾಕಿಕೊಳ್ಳಿ. ವಿಮಾನದೊಳಗೂ ಅದು ಮೇಲಿನ ಗೂಡಿನಲ್ಲಿ ಬೇಡ, ಕಾಲ ಬಳಿ ಇರಲಿ. ಬೆಲ್ಟ್ ಕಟ್ಟಿಕೊಂಡೇ ಇರಿ ಎಂಬ ಸೂಚನೆ ಬಂದಾಗ ಎದ್ದು ಗೂಡು ತೆಗೆಯಲು ಬಿಡುವುದಿಲ್ಲ.

ಇನ್ನೊಂದು ಮಾತು. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ. ತೂಕ ಹೆಚ್ಚಾಯಿತೆಂದು ಕೌಂಟರಿನ ಮುಂದೆ ಚೀಲ ಬಿಚ್ಚಿ ಅದೂ ಇದೂ ಸೂಟ್‌ಕೇಸಿಗೆ ತುರುಕುವಾಗ ಭಾರವೆಂದು ಮೊದಲು ಹೋಗುವುದೇ ಔಷಧಿಯ ಗಂಟು. ಹೋಗಬೇಕಾದ್ದು ಚಕ್ಕುಲಿ ಡಬ್ಬಿ, ಹಪ್ಪಳದ ಕಟ್ಟು.

ಅಮ್ಮನಿಗೆ ಇನ್ಸುಲಿನ್ ಇದೆ. ಸೂಟ್‌ಕೇಸಿನಲ್ಲಿ ತಣ್ಣಗಿರುತ್ತದೆ, ಅಲ್ಲೇ ಒಳ್ಳೆಯದಲ್ಲವೇ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಹೆದರಿಕೆಯಾಗುತ್ತದೆ, ಏಕೆಂದರೆ ಕೇಳದೆ ಹಾಗೇ ಹಾಕಿಕೊಂಡು ಹೋಗುವವರು ಎಷ್ಟು ಮಂದಿಯೋ. ಇನ್ಸುಲಿನ್‌ಗೆ ತಂಪು ಬೇಕು, ಆದರೆ ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಬಿಸಾಡಲೇಬೇಕು. ಅದು ಮೊದಲಿನ ಹಾಗೆಯೇ ಕಾಣಬಹುದು, ಕೆಲಸ ಮಾತ್ರ ಮಾಡದು. ಸಾಮಾನು ಕೋಣೆಯ ಉಷ್ಣತೆ ಎಲ್ಲ ವಿಮಾನದಲ್ಲೂ ಒಂದೇ ಸಮ ಇರುವುದಿಲ್ಲ, ಮೇಲೆ ಹಾರುವಾಗ ತೀರ ಇಳಿಯಬಹುದು. ಇತ್ತ ನೆಲದ ಮೇಲೆ, ಮೇ ತಿಂಗಳ ದುಬೈಯಲ್ಲಿ ಬಿಸಿಲಿಗೆ ನಿಂತ ಸಾಮಾನಿನ ಗಾಡಿಯಲ್ಲಿ ಕಾದು ಹಾಳಾಗಬಹುದು. ಎರಡು ಕಡೆಯಿಂದಲೂ ಏಟು.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇರಬೇಕು. ಬಳಸುತ್ತಿರುವ ಪೆನ್ ಅಥವಾ ಬಾಟಲಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ತಾಳುತ್ತದೆ. ಕೆಲವು ಬಗೆಗಳಿಗೆ ಬೇರೆ ಲೆಕ್ಕವಿದೆ, ಪೆಟ್ಟಿಗೆಯೊಳಗಿನ ಕಾಗದ ಓದಿ. ಹಾಗಾಗಿ ಒಂದು ದಿನದ ಪ್ರಯಾಣಕ್ಕೆ ಗಾಬರಿ ಬೇಡ, ವಿಮಾನದೊಳಗಿನ ಹವೆ ಅದಕ್ಕೆ ಹಿತವಾಗಿಯೇ ಇರುತ್ತದೆ. ಹೆಚ್ಚು ಸಂಗ್ರಹ ಒಯ್ಯುವವರು ಇನ್ಸುಲಿನ್ ಪೌಚ್ ಅಥವಾ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್ ಬಳಸಿ. ಐಸ್ ಜೆಲ್ ಪ್ಯಾಕ್ ಇಡುವುದಾದರೆ ಇನ್ಸುಲಿನ್‌ಗೆ ನೇರ ತಾಗಬಾರದು, ನಡುವೆ ಟವೆಲ್ ಸುತ್ತಿ. ಗಗನಸಖಿಯರ ಕೈಗೆ ಕೊಟ್ಟು ತಂಪಿನಲ್ಲಿಡಿ ಎನ್ನುವುದು ನನಗೆ ಸರಿಬರುವುದಿಲ್ಲ. ಮಂಜುಗಡ್ಡೆಯ ಮೇಲೆ ಇಟ್ಟುಬಿಡಬಹುದು, ಇಳಿಯುವ ಗಡಿಬಿಡಿಯಲ್ಲಿ ಇಬ್ಬರೂ ಮರೆಯಬಹುದು.

ತಪಾಸಣೆಯ ಎಕ್ಸ್‌ರೇ ಯಂತ್ರದಲ್ಲಿ ಹಾದರೆ ಇನ್ಸುಲಿನ್ ಆಗಲಿ ಮಾತ್ರೆಯಾಗಲಿ ಕೆಡುವುದಿಲ್ಲ.

ಸಾಗರದಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ವಿಮಾನ ಹತ್ತುತ್ತೇವೆ. ಅಲ್ಲಿಯವರೆಗೆ ಔಷಧಿ ದೊಡ್ಡ ಬ್ಯಾಗಿನಲ್ಲಿದ್ದರೆ ಪರವಾಗಿಲ್ಲವೇ?

ಬಸ್ಸಿನ ಡಿಕ್ಕಿಯೂ ವಿಮಾನದ ಸಾಮಾನು ಕೋಣೆಯ ಹಾಗೆಯೇ ಎಂದುಕೊಳ್ಳಿ. ಅಲ್ಲಿ ಬಿಸಿಯಿರುತ್ತದೆ, ನಿಲ್ದಾಣ ನಿಲ್ದಾಣಕ್ಕೂ ಬಾಗಿಲು ತೆಗೆಯುತ್ತಾರೆ, ಮಳೆಗಾಲದಲ್ಲಿ ನೀರೂ ಒಸರಬಹುದು. ನಮ್ಮವರ ವಿಮಾನಯಾನ ದೇವನಹಳ್ಳಿಯಲ್ಲೋ ಬಜ್ಪೆಯಲ್ಲೋ ಶುರುವಾಗುವುದಿಲ್ಲ, ಮನೆಯ ಜಗಲಿ ಇಳಿದಾಗಲೇ ಶುರುವಾಗುತ್ತದೆ. ತೀರ್ಥಹಳ್ಳಿ, ಶೃಂಗೇರಿ ಕಡೆಯವರು ಘಾಟಿ ಇಳಿದು ಮಂಗಳೂರಿಗೆ ಹೋಗುವುದಾದರೆ ಆಷಾಢದಲ್ಲಿ ಮರ ಬಿದ್ದು, ಗುಡ್ಡ ಕುಸಿದು ದಾರಿ ಕಟ್ಟುವುದೂ ಉಂಟು. ಪೌಚ್ ಮನೆಯಿಂದಲೇ ಮಡಿಲಲ್ಲಿರಲಿ. ಘಾಟಿಯ ತಿರುವಿಗೆ ವಾಂತಿಯಾಗುವವರು ಅವೋಮಿನ್ ಮಾತ್ರೆಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಅದು ನಿದ್ದೆ ತರಿಸುತ್ತದೆ, ಗಾಡಿ ಓಡಿಸುವವರು ನುಂಗಬಾರದು.

ಸೂಜಿ, ಗ್ಲುಕೋಮೀಟರ್ ಒಳಗೆ ಬಿಡುತ್ತಾರೆಯೇ?

ಇನ್ಸುಲಿನ್ ಮತ್ತು ಡಾಕ್ಟರ ಚೀಟಿ ಜೊತೆಗಿದ್ದರೆ ಬಿಡುತ್ತಾರೆ. ಇನ್ಸುಲಿನ್ ಇಲ್ಲದೆ ಬರೀ ಸೂಜಿ ಕಂಡರೆ ಪ್ರಶ್ನೆ ಏಳುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಇಡಿ. ತಪಾಸಣೆಯ ತಟ್ಟೆಗೆ ಚೀಲ ಇಡುವ ಮೊದಲೇ ಸಿಬ್ಬಂದಿಗೆ ಹೇಳಿಬಿಡಿ. ಬಳಸಿದ ಸೂಜಿಯನ್ನು ಸೀಟಿನ ಮುಂದಿನ ಜೇಬಿಗೆ ತುರುಕಬೇಡಿ, ಸ್ವಚ್ಛ ಮಾಡುವವರ ಕೈಗೆ ಚುಚ್ಚುತ್ತದೆ. ಬಿಗಿ ಮುಚ್ಚಳದ ಗಟ್ಟಿ ಡಬ್ಬಿಯೊಂದು ಇರಲಿ. ಶುಗರ್ ಇಳಿದರೆ ಬೇಕಾಗುವ ಗ್ಲುಕೋಸ್ ಪುಡಿ, ಚಾಕೊಲೇಟ್, ಬೆಲ್ಲದ ತುಂಡೂ ಕೈಗೆಟುಕಲಿ. ಊಟದ ಗಾಡಿ ನಿಮ್ಮ ಸೀಟಿಗೆ ಯಾವಾಗ ಬರುತ್ತದೆಂದು ಹೇಳಲಾಗದು, ಊಟ ಮುಂದೆ ಬಂದ ಮೇಲೆಯೇ ಇನ್ಸುಲಿನ್ ಚುಚ್ಚಿಕೊಳ್ಳಿ.

ಮಾತ್ರೆಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದುಕೊಂಡರೆ ಜಾಗ ಉಳಿಯುತ್ತದಲ್ಲ?

ಜಾಗ ಉಳಿಯುತ್ತದೆ, ಗುರುತು ಅಳಿಯುತ್ತದೆ. ಬಿಳಿ ಗುಂಡು ಮಾತ್ರೆಗಳೆಲ್ಲ ನೋಡಲು ಒಂದೇ, ತಪಾಸಣೆಯವರಿಗೂ ಅಷ್ಟೇ, ತುರ್ತಿನಲ್ಲಿ ನೋಡುವ ಅಲ್ಲಿನ ಡಾಕ್ಟರಿಗೂ ಅಷ್ಟೇ. ಬೆಳಿಗ್ಗೆ–ರಾತ್ರಿ ಖಾನೆಗಳಿರುವ ಡಬ್ಬಿಯಲ್ಲಿ ಪ್ರಯಾಣದ ಎರಡು ದಿನದ್ದು ಹಾಕಿಕೊಳ್ಳಿ, ಉಳಿದದ್ದು ಕಂಪನಿಯ ಸ್ಟ್ರಿಪ್ಪಿನಲ್ಲೇ, ಬಾಟಲಿಯಲ್ಲೇ ಇರಲಿ.

ನಮ್ಮ ಕಡೆ ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ನಾಲ್ಕು, ಆರು ಕೊಡುವ ರೂಢಿ ಇದೆ. ಕತ್ತರಿಸಿದ ತುಂಡಿನಲ್ಲಿ ಹೆಸರು ಒಂದು ಕಡೆ ಹೋದರೆ ಅವಧಿ ಮುಗಿಯುವ ದಿನಾಂಕ ಇನ್ನೊಂದು ಕಡೆ. ವಿಮಾನಕ್ಕೆ ಹೊರಟವರು ಪೂರ್ತಿ ಸ್ಟ್ರಿಪ್ ಕೇಳಿ ತೆಗೆದುಕೊಳ್ಳಿ, ಬಿಲ್ಲನ್ನೂ ಕೇಳಿ. ಬಿಲ್ಲಿನಲ್ಲಿ ರೋಗಿಯ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಬರೆಸಿ. ಮನೆಯಲ್ಲಿ ಪುಟ್ಟಮ್ಮ, ಪಾಸ್‌ಪೋರ್ಟಿನಲ್ಲಿ ವರಮಹಾಲಕ್ಷ್ಮಿ ಎಂದಿದ್ದರೆ ವರಮಹಾಲಕ್ಷ್ಮಿಯೆಂದೇ ಇರಬೇಕು.

ಚೀಟಿಯ ವಿಷಯದಲ್ಲಿ ಸ್ವಲ್ಪ ಹಟ ಹಿಡಿಯಿರಿ. ಹೊರಡುವ ಹದಿನೈದು ದಿನ ಮೊದಲೇ ಡಾಕ್ಟರನ್ನು ಕಂಡು ಇಂಗ್ಲಿಷಿನಲ್ಲಿ, ಓದಲು ಬರುವ ಹಾಗೆ, ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ: ಯಾವ ಕಾಯಿಲೆ, ಯಾವ ಔಷಧಿ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ. ಬ್ರ್ಯಾಂಡ್ ಹೆಸರಿನ ಪಕ್ಕದಲ್ಲಿ ಔಷಧಿಯ ಮೂಲ ಹೆಸರು ಇರಲೇಬೇಕು. ಡೋಲೋ ಎಂದರೆ ಅಮೆರಿಕದಲ್ಲಿ ಯಾರಿಗೂ ತಿಳಿಯದು. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನು ಅಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ಉಬ್ಬಸಕ್ಕೆ ಸೇದುವ ಅಸ್ಥಾಲಿನ್ ಪಂಪಿನ ಸಾಲ್ಬುಟಮಾಲ್‌ಗೆ ಅಲ್ಲಿ ಅಲ್ಬುಟೆರಾಲ್ ಎಂಬ ಹೆಸರು. ಚೀಟಿಯ ಫೋಟೊ ನಿಮ್ಮ ಫೋನಿನಲ್ಲೂ ಮಕ್ಕಳ ಫೋನಿನಲ್ಲೂ ಇರಲಿ.

100 ಮಿಲಿಗಿಂತ ಹೆಚ್ಚು ದ್ರವ ಒಯ್ಯಬಾರದಂತೆ. ಸಿರಪ್ ಏನು ಮಾಡಲಿ?

ಅಂತಾರಾಷ್ಟ್ರೀಯ ವಿಮಾನಗಳಲ್ಲಿ ಕೈಚೀಲದ ದ್ರವಗಳು ಸಾಮಾನ್ಯವಾಗಿ 100 ಮಿಲಿಯೊಳಗಿನ ಬಾಟಲಿಗಳಲ್ಲಿ, ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಇರಬೇಕು. ಲೆಕ್ಕ ಬಾಟಲಿಯ ಅಳತೆಯದ್ದು, ಒಳಗಿರುವುದರದ್ದಲ್ಲ. 200 ಮಿಲಿ ಬಾಟಲಿಯ ತಳದಲ್ಲಿ ಎರಡು ಚಮಚ ಉಳಿದಿದ್ದರೂ ತೆಗೆಸುತ್ತಾರೆ. ಪ್ರಯಾಣಕ್ಕೆ ಬೇಕಾದ ಔಷಧಿಗೆ ಈ ನಿಯಮದಲ್ಲಿ ವಿನಾಯಿತಿ ಇದೆ, ಚೀಟಿ ತೋರಿಸಿ ಮೊದಲೇ ಹೇಳಬೇಕು. ಮಕ್ಕಳ ಆಂಟಿಬಯಾಟಿಕ್ ಸಿರಪ್ ಪುಡಿಯ ರೂಪದಲ್ಲಿದ್ದರೆ ನೀರು ಬೆರೆಸದೆ ಒಯ್ಯಿರಿ. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸಿರಪ್‌ನಂಥವು ಒಮ್ಮೆ ಕಲಸಿದ ಮೇಲೆ ಫ್ರಿಜ್ಜಿನಲ್ಲಿರಬೇಕು, ಏಳು ದಿನದ ಮೇಲೆ ಬಳಸುವಂತಿಲ್ಲ.

ಕಷಾಯ, ಅರಿಷ್ಟ, ತೈಲ, ಊರಿನ ಪಂಡಿತರು ಕೊಟ್ಟ ಪುಡಿ?

ಮಲೆನಾಡಿನಲ್ಲಿ ಈ ಪೊಟ್ಟಣ ಇಲ್ಲದ ಮನೆ ಇಲ್ಲ, ಅದರ ಮೇಲಿನ ನಂಬಿಕೆಯನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಆದರೆ ವಿದೇಶದ ಕಸ್ಟಮ್ಸ್ ಕಣ್ಣಿಗೆ ಹೆಸರಿಲ್ಲದ ಪುಡಿ ಹೆಸರಿಲ್ಲದ ಪುಡಿಯೇ. ಕಾಗದದ ಪೊಟ್ಟಣದಲ್ಲಿ ಕಟ್ಟಿದ ಚೂರ್ಣ, ಬೇರು, ತೊಗಟೆ ಹೊರದೇಶಕ್ಕೆ ಬೇಡ. ಕಂಪನಿಯ ಸೀಲ್, ಒಳಗೇನಿದೆ ಎಂಬ ಪಟ್ಟಿ ಇರುವುದನ್ನು ಮಾತ್ರ ಒಯ್ಯಿರಿ. ಆಸ್ಟ್ರೇಲಿಯಾಕ್ಕೆ ಹೋಗುವವರು ಗಿಡಮೂಲಿಕೆಯನ್ನು ಇಳಿದ ಕೂಡಲೇ ಫಾರಂನಲ್ಲಿ ಘೋಷಿಸಬೇಕು, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು. ಪಾದರಸ, ಸೀಸ ಸೇರಿದ ಭಸ್ಮ–ರಸೌಷಧಿಗಳ ಬಗ್ಗೆ ಅಮೆರಿಕದಲ್ಲಿ ಎಚ್ಚರಿಕೆಗಳಿವೆ.

ದಶಮೂಲಾರಿಷ್ಟದ 450 ಮಿಲಿ ಬಾಟಲಿ ಕೈಚೀಲಕ್ಕೆ ಬೇಡ, ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ, ಎರಡು ಪ್ಲಾಸ್ಟಿಕ್ ಕವರಿನೊಳಗೆ ಇರಲಿ. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ, ಹಾಗಾಗಿ ಸೌದಿ, ಕುವೈತ್‌ಗೆ ಅವನ್ನು ಒಯ್ಯಲೇಬೇಡಿ. ಜೇನುತುಪ್ಪವೂ ತಪಾಸಣೆಯಲ್ಲಿ ದ್ರವವೇ.

ಗಲ್ಫ್ ದೇಶಗಳಿಗೆ ಹೋಗುವಾಗ ಏನು ಎಚ್ಚರಿಕೆ?

ಇಲ್ಲಿ ಯಾವ ಬ್ಯಾಗು ಎನ್ನುವುದಕ್ಕಿಂತ ಯಾವ ಔಷಧಿ ಎನ್ನುವುದು ಮುಖ್ಯ. ನಮ್ಮಲ್ಲಿ ಮಂಡಿ ನೋವಿಗೆ, ಸೊಂಟ ನೋವಿಗೆ ಬರೆದುಕೊಡುವ ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಇದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇದೆ. ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಾಂ, ಕ್ಲೋನಜೆಪಾಂ, ನರದ ಉರಿಗೆ ಕೊಡುವ ಪ್ರಿಗ್ಯಾಬಲಿನ್ ಇವೆ. ದುಬೈ ಇರುವ ಯುಎಇ ದೇಶದಲ್ಲಿ ಇವು ನಿಯಂತ್ರಿತ ಔಷಧಿಗಳು, ಒಯ್ಯುವ ಮುನ್ನ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಪಡೆಯಬೇಕು. ಅನುಮತಿಯಿಲ್ಲದೆ ಸಿಕ್ಕರೆ ಅದು ಮಾದಕ ವಸ್ತುವಿನ ಪ್ರಕರಣವಾಗಬಹುದು, ಜೈಲಿನವರೆಗೂ ಹೋಗಬಹುದು. ಬೆನ್ನು ನೋವಿನ ಮಾತ್ರೆ ಅಷ್ಟೇ ಎನ್ನುವ ಮಾತು ಅಲ್ಲಿ ನಡೆಯದು. ಸಿಂಗಾಪುರದಲ್ಲೂ ಕೊಡೀನ್‌ನಂಥ ಔಷಧಿಗೆ ಮುಂಚಿತ ಅನುಮತಿ ಬೇಕು. ಜಪಾನಿನಲ್ಲಿ ನೆಗಡಿ ಮಾತ್ರೆಯ ಸೂಡೋಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿದ್ದರೆ ನಿಷಿದ್ಧ. ನಿಮ್ಮ ಪಟ್ಟಿಯನ್ನು ಔಷಧಿ ಅಂಗಡಿಯವರ ಮುಂದಿಟ್ಟು ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಕೇಳಿ, ಇದ್ದರೆ ಬದಲಿ ಔಷಧಿ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ.

ಅಡುಗೆಮನೆಯದ್ದೂ ಒಂದಿದೆ. ಗಸಗಸೆ. ಬಾಣಂತಿಗೆಂದು, ಪಾಯಸಕ್ಕೆಂದು, ನಿದ್ದೆಗೆ ಒಳ್ಳೆಯದೆಂದು ಅಜ್ಜಿಯಂದಿರು ಕಟ್ಟಿಕೊಡುತ್ತಾರೆ. ಅದು ಅಫೀಮು ಗಿಡದ ಬೀಜ. ಯುಎಇ, ಸೌದಿ, ಸಿಂಗಾಪುರದಲ್ಲಿ ನಿಷಿದ್ಧ. ಕೈಚೀಲಕ್ಕೂ ಬೇಡ, ಸೂಟ್‌ಕೇಸಿಗೂ ಬೇಡ, ಮಸಾಲೆ ಪುಡಿಯಲ್ಲಿ ಬೆರೆಸಿಯೂ ಬೇಡ.

ಅಮೆರಿಕದಲ್ಲಿ ಆರು ತಿಂಗಳಿರುತ್ತೇವೆ. ಅಷ್ಟೂ ಔಷಧಿ ಕೈಚೀಲದಲ್ಲಿ ಹಿಡಿಸುವುದಿಲ್ಲವಲ್ಲ?

ಸ್ವಂತ ಬಳಕೆಗೆ ಒಯ್ಯುವ ಔಷಧಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಟ್ಟುಕೊಂಡ ಸಾಮಾನ್ಯ ಲೆಕ್ಕ 90 ದಿನದ್ದು. ಅದಕ್ಕಿಂತ ಹೆಚ್ಚು ಒಯ್ಯುವವರು ಎಷ್ಟು ದಿನ ಇರುತ್ತೀರೆಂದು ತೋರಿಸುವ ವಾಪಸ್ ಟಿಕೆಟ್, ಡಾಕ್ಟರ ಪತ್ರ ಇಟ್ಟುಕೊಳ್ಳಿ, ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಪ್ರಯಾಣದ ದಿನಗಳದ್ದಲ್ಲದೆ ಇನ್ನೂ ಎರಡು ಮೂರು ವಾರದ್ದಾದರೂ ಕೈಚೀಲದಲ್ಲಿರಲಿ. ಉಳಿದ ಮಾತ್ರೆ, ಕ್ಯಾಪ್ಸೂಲ್‌ಗಳನ್ನು ಸೂಟ್‌ಕೇಸಿಗೆ ಹಾಕಬಹುದು, ಗಟ್ಟಿ ಡಬ್ಬಿಯಲ್ಲಿ, ಮಳೆಗಾಲವಾದರೆ ತೇವ ತಾಗದಂತೆ. ಗಂಡ ಹೆಂಡತಿ ಇಬ್ಬರೂ ಹೊರಟಿದ್ದರೆ ಇಬ್ಬರ ಸೂಟ್‌ಕೇಸಿಗೂ ಹಂಚಿ ಹಾಕಿ. ಇನ್ಸುಲಿನ್, ಕಣ್ಣಿನ ಹನಿ, ಫ್ರಿಜ್ಜಿನಲ್ಲಿಡುವ ಯಾವ ಔಷಧಿಗೂ ಈ ಸಡಿಲಿಕೆ ಇಲ್ಲ.

ಪಕ್ಕದ ಮನೆಯವರು ಅವರ ಮಗನಿಗೆ ಕೊಡಿ ಎಂದು ಔಷಧಿ ಕೊಟ್ಟಿದ್ದಾರೆ. ಬೇಡ ಎನ್ನುವುದು ಹೇಗೆ?

ಕಷ್ಟ, ನನಗೆ ಗೊತ್ತು. ಒಂದೇ ಕೇರಿಯಲ್ಲಿ ಬದುಕಿದವರು, ನಾಳೆ ಮುಖ ನೋಡಬೇಕಾದವರು. ಆದರೂ ಬೇಡ ಎನ್ನಿ. ನಿಮ್ಮ ಬ್ಯಾಗಿನಲ್ಲಿರುವುದಕ್ಕೆ ನೀವೇ ಹೊಣೆ, ಚೀಟಿಯಲ್ಲಿ ಬೇರೆಯವರ ಹೆಸರಿರುತ್ತದೆ, ಒಳಗೇನಿದೆ ಎಂದು ನಿಮಗೆ ತಿಳಿಯದು. ಗಲ್ಫ್‌ಗಾದರೆ ಎರಡನೆಯ ಯೋಚನೆಯೇ ಬೇಡ. ಮೆಡಿಕಲ್‌ನವರು ಒಯ್ಯಬಾರದು ಎಂದರು ಎಂದು ನಮ್ಮ ಮೇಲೆ ಹಾಕಿಬಿಡಿ, ಆ ನಿಷ್ಠುರ ನಮಗಿರಲಿ.

ಉಬ್ಬಸದ ಪಂಪ್, ಎದೆನೋವಿನ ಮಾತ್ರೆ?

ಕೈಚೀಲದಲ್ಲೂ ಅಲ್ಲ, ಅಂಗಿಯ ಜೇಬಿನಲ್ಲಿ. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಎಲ್ಲಿದೆಯೆಂದು ಪಕ್ಕದಲ್ಲಿ ಕೂತವರಿಗೂ ತಿಳಿದಿರಲಿ.

ಪಾದರಸದ ಥರ್ಮಾಮೀಟರ್, ನೋವಿನ ಸ್ಪ್ರೇ?

ಪಾದರಸದ್ದು ಕ್ಯಾಬಿನ್ ಒಳಗೆ ಬರುವಂತಿಲ್ಲ, ರಕ್ಷಣಾ ಕವಚದಲ್ಲಿಟ್ಟು ಒಂದನ್ನು ಮಾತ್ರ ಚೆಕ್-ಇನ್ ಮಾಡಬಹುದು. ಡಿಜಿಟಲ್ ಕೊಳ್ಳುವುದೇ ಲೇಸು. ಸ್ಪ್ರೇ ಬದಲು ಸಣ್ಣ ಟ್ಯೂಬ್ ಮುಲಾಮು ಒಯ್ದರೆ ತಪಾಸಣೆಯಲ್ಲಿ ಚರ್ಚೆಯೇ ಇಲ್ಲ.

ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ, ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವ ನೆಬ್ಯುಲೈಸರ್, ಆಮ್ಲಜನಕ?

ಸಿಪ್ಯಾಪ್, ನೆಬ್ಯುಲೈಸರ್ ಕ್ಯಾಬಿನ್‌ಗೇ ಬರಲಿ. ಲಿಥಿಯಂ ಬ್ಯಾಟರಿ ಬಿಡಿಯಾಗಿದ್ದರೆ, ಪವರ್ ಬ್ಯಾಂಕ್ ಇದ್ದರೆ, ಸೂಟ್‌ಕೇಸಿನಲ್ಲಿ ಹಾಕುವುದೇ ನಿಷಿದ್ಧ. ಬೆಂಕಿ ಹೊತ್ತಿಕೊಂಡರೆ ಕೆಳಗೆ ಆರಿಸುವವರು ಯಾರೂ ಇರುವುದಿಲ್ಲ. ಬ್ಯಾಟರಿಯ ಶಕ್ತಿಯ ಅಳತೆಯಲ್ಲಿ 100 ವಾಟ್-ಅವರ್‌ವರೆಗಿನದ್ದು ಕೈಚೀಲದಲ್ಲಿ ಸರಿ, 100ರಿಂದ 160ರವರೆಗಿನದ್ದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಮನೆಯ ಆಮ್ಲಜನಕ ಸಿಲಿಂಡರ್ ಒಯ್ಯುವಂತಿಲ್ಲ. ದಾರಿಯಲ್ಲಿ ಆಮ್ಲಜನಕ ಬೇಕಾಗುವವರು ಟಿಕೆಟ್ ಮಾಡಿಸುವಾಗಲೇ ಕಂಪನಿಗೆ ತಿಳಿಸಿ ಡಾಕ್ಟರ ಸಹಿಯ ಫಾರಂ ಕೊಡಬೇಕು.

ಪೇಸ್‌ಮೇಕರ್ ಇದೆ, ತೋಳಿನಲ್ಲಿ ಶುಗರ್ ಸೆನ್ಸರ್ ಇದೆ. ತಪಾಸಣೆ ಹೇಗೆ?

ಪೇಸ್‌ಮೇಕರ್ ಕಾರ್ಡ್ ತೋರಿಸಿ, ಕೈಯಿಂದ ತಪಾಸಣೆ ಮಾಡಿ ಎಂದು ಕೇಳಿ. ಕೈಯಲ್ಲಿ ಹಿಡಿದು ಆಡಿಸುವ ಯಂತ್ರವನ್ನು ಎದೆಯ ಮೇಲೆ ಹೆಚ್ಚು ಹೊತ್ತು ಹಿಡಿಯಬಾರದು. ಇನ್ಸುಲಿನ್ ಪಂಪ್, ಸೆನ್ಸರ್‌ಗಳಿಗೆ ಎಕ್ಸ್‌ರೇ, ಬಾಡಿ ಸ್ಕ್ಯಾನರ್ ಆಗುತ್ತದೋ ಇಲ್ಲವೋ ಎಂಬುದು ಅದರ ಕಂಪನಿಯ ಪುಸ್ತಿಕೆಯಲ್ಲಿರುತ್ತದೆ. ಕನ್ನಡದಲ್ಲೇ ಹೇಳಿ, ಸಂಕೋಚ ಬೇಡ. ಹೊರದೇಶಕ್ಕೆ ಹೋಗುವ ಹಿರಿಯರ ಕೈಗೆ ಮಕ್ಕಳು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದುಕೊಟ್ಟಿರಲಿ.

ಅಲ್ಲಿಯ ಹೊತ್ತು ಬೇರೆ. ರಾತ್ರಿ ಮಾತ್ರೆ ಯಾವಾಗ ನುಂಗುವುದು?

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನ್ಯೂಯಾರ್ಕ್ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ, ಬರುವಾಗ ಗಿಡ್ಡವಾಗುತ್ತದೆ. ಇಳಿಯುವವರೆಗೆ ಕೈಗಡಿಯಾರ ಊರಿನ ಹೊತ್ತನ್ನೇ ತೋರಿಸಲಿ, ಮಾತ್ರೆಯೂ ಆ ಹೊತ್ತಿಗೇ ಇರಲಿ. ಅಲ್ಲಿ ಮುಟ್ಟಿದ ಮೇಲೆ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಇನ್ಸುಲಿನ್, ಫಿಟ್ಸ್, ರಕ್ತ ತೆಳುಮಾಡುವ ಔಷಧಿಯವರು ಹೊರಡುವ ಮೊದಲೇ ಡಾಕ್ಟರಿಂದ ಗಂಟೆ ಸಮೇತ ಬರೆಸಿಕೊಳ್ಳಬೇಕು. ತಪ್ಪಿದ್ದಕ್ಕೆಂದು ಎರಡು ಒಟ್ಟಿಗೆ ನುಂಗಬೇಡಿ.

ಸೂಟ್‌ಕೇಸ್ ಬರಲೇ ಇಲ್ಲ. ಅದರಲ್ಲಿ ಔಷಧಿ ಇತ್ತು. ಈಗ?

ನಿಲ್ದಾಣದಿಂದ ಹೊರಬೀಳುವ ಮೊದಲೇ ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರಿನಲ್ಲಿ ಲಿಖಿತ ದೂರು ಕೊಟ್ಟು ಅದರ ಸಂಖ್ಯೆ ಪಡೆಯಿರಿ. ಒಳಗೆ ಔಷಧಿ ಇದೆಯೆಂದೂ ಬರೆಸಿ. ಭಾರತವೂ ಒಪ್ಪಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ 21 ದಿನ ಕಳೆದರೂ ಬಾರದ ಬ್ಯಾಗನ್ನು ಕಳೆದುಹೋಯಿತೆಂದು ಪರಿಗಣಿಸಿ ಪರಿಹಾರ ಕೇಳಬಹುದು. ಆದರೆ ಶುಗರ್ 21 ದಿನ ಕಾಯುವುದಿಲ್ಲ. ಚೀಟಿಯ ಫೋಟೊ ಹಿಡಿದು ಅದೇ ದಿನ ಅಲ್ಲಿನ ಕ್ಲಿನಿಕ್‌ಗೆ ಹೋಗಿ, ಪ್ರಯಾಣ ವಿಮೆ ಇದ್ದರೆ ಅವರ ಸಹಾಯವಾಣಿಗೆ ಫೋನ್ ಮಾಡಿ.

ವಾಪಸ್ ಬರುವಾಗಲೂ ಇಷ್ಟೆಲ್ಲ ಬೇಕೇ?

ಬೇಕು. ಹೋಗುವಾಗ ಇರುವ ಜಾಗ್ರತೆ ಬರುವಾಗ ಇರುವುದಿಲ್ಲ, ಮನೆಗೇ ಅಲ್ಲವೇ ಎಂದು ಉಳಿದ ಮಾತ್ರೆಯನ್ನೆಲ್ಲ ಸೂಟ್‌ಕೇಸಿನ ತಳಕ್ಕೆ ಹಾಕಿಬಿಡುತ್ತಾರೆ. ಬೆಂಗಳೂರಿನಲ್ಲಿ ಇಳಿದಾಗ ಬ್ಯಾಗ್ ಬಾರದಿದ್ದರೆ ಅದು ಹೊಸನಗರದ ಆಚೆಯ ಒಂಟಿಮನೆಗೆ ಬಂದು ಮುಟ್ಟಲು ಇನ್ನೆಷ್ಟು ದಿನವೋ. ಮಳೆಗೆ ಸೋಗಾನೆಯ ವಿಮಾನ ರದ್ದಾಗಿ ಬೆಂಗಳೂರಿನಲ್ಲೇ ಉಳಿಯಬೇಕಾಗಿಯೂ ಬರಬಹುದು. ಹೋಗುವ ದಿನ ಲೆಕ್ಕ ಹಾಕುವಾಗಲೇ ವಾಪಸಿನ ತಾರೀಖಿನ ಮೇಲೆ ಇನ್ನೊಂದು ವಾರದ ಮಾತ್ರೆ ಸೇರಿಸಿಕೊಳ್ಳಿ, ಅಷ್ಟನ್ನೂ ಅದೇ ಪೌಚಿನಲ್ಲಿ ತನ್ನಿ.